ಕಡಲ ದಾರಿಯಲ್ಲಿ ಕೂಸು

(ತಾಯಂದಿರ ಆರೋಗ್ಯ ಸಭೆಯಲ್ಲಿ ನಮ್ಮ ಶುಶ್ರೂಷಾ ಬೋಧಕಿಯವರು ಮಾಡಿದ ಭಾಷಣದ ಬರಹರೂಪ)

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬೆಳಗಿನ ಬಸ್ಸಿಗೇ ಬಂದು ಕುಳಿತಿರುವ ತಾಯಂದಿರಿಗೂ, ಅವರನ್ನು ಕರೆದುಕೊಂಡು ಬಂದಿರುವ ಅಜ್ಜಿಯರಿಗೂ, ಹಿಂದೆ ಬಾಗಿಲ ಹತ್ತಿರ ನಿಂತಿರುವ ಅಪ್ಪಂದಿರಿಗೂ ನನ್ನ ನಮಸ್ಕಾರಗಳು. ಅಪ್ಪಂದಿರು ದಯವಿಟ್ಟು ಒಳಗೆ ಬಂದು ಕೂಡಬೇಕು. ಇಂದಿನ ಮಾತಿನಲ್ಲಿ ಅರ್ಧ ನಿಮಗೇ ಸೇರಿದ್ದು.

ಪ್ರತಿ ತಿಂಗಳು ನಾನು ಎದೆಹಾಲು, ಲಸಿಕೆ, ಮೇಲು ಆಹಾರ ಎಂದು ಪಾಠ ಹೇಳುತ್ತೇನೆ. ಈ ಸಲ ಪ್ರವಾಸದ ವಿಷಯ ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವುಂಟು. ಮೊದಲು ನಮ್ಮ ಭಾಗದ ಜನ ಕೂಸನ್ನು ಕರೆದುಕೊಂಡು ಹೋಗುತ್ತಿದ್ದುದು ಗಾಣಗಾಪುರಕ್ಕೆ, ಶರಣಬಸವೇಶ್ವರರ ಜಾತ್ರೆಗೆ, ಹೆಚ್ಚೆಂದರೆ ಸೊಲ್ಲಾಪುರಕ್ಕೆ. ಈಗ ಮನೆಗೊಂದು ಕಾರು ಬಂದಿದೆ, ಇಲ್ಲದವರು ನಾಲ್ಕು ಮನೆಯವರು ಸೇರಿ ಕ್ರೂಸರ್ ಗಾಡಿ ಬಾಡಿಗೆಗೆ ಹಿಡಿಯುತ್ತಾರೆ. ಗೋಕರ್ಣ, ಮುರುಡೇಶ್ವರ, ಉಡುಪಿ, ಧರ್ಮಸ್ಥಳ ಎಂದು ಒಂದೇ ಸಲ ಸುತ್ತಿ ಬರುತ್ತಾರೆ. ಒಳ್ಳೆಯದೇ. ಆದರೆ ಅಂತಹ ಪ್ರವಾಸ ಮುಗಿಸಿ ನೇರವಾಗಿ ನಮ್ಮ ಮಕ್ಕಳ ವಾರ್ಡಿಗೆ ಬರುವ ಕೂಸುಗಳನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ. ಕಣ್ಣು ಒಳಗೆ ಹೋಗಿರುತ್ತದೆ, ನಾಲಿಗೆ ಒಣಗಿರುತ್ತದೆ, ಅಳುತ್ತದೆ ಆದರೆ ಕಣ್ಣೀರು ಬರುವುದಿಲ್ಲ. ಕೇಳಿದರೆ, "ಏನಿಲ್ರಿ ಸಿಸ್ಟರ್, ನೀರು ಬದಲ್ ಆಗ್ಯಾದ" ಎನ್ನುತ್ತಾರೆ.

ಇನ್ನೊಂದು ಕಾರಣ ನನ್ನದೇ. ನನ್ನ ತವರು ಅಫಜಲಪುರ, ಗಂಡನ ಮನೆ ಜೇವರ್ಗಿ. 2025ರ ಜನವರಿಯಲ್ಲಿ, ಸಂಕ್ರಮಣ ಕಳೆದ ಮೇಲೆ, ನಾವೂ ಹೋಗಿದ್ದೆವು. ನಾನು, ನಮ್ಮ ಮನೆಯವರು, ಅತ್ತೆಯವರು, ಎರಡೂವರೆ ವರ್ಷದ ಮಗಳು. ಇಷ್ಟೆಲ್ಲ ಪಾಠ ಹೇಳುವ ನಾನು ಆ ಪ್ರವಾಸದಲ್ಲಿ ಎರಡು ದೊಡ್ಡ ತಪ್ಪು ಮಾಡಿದೆ. ಎರಡನ್ನೂ ಹೇಳುತ್ತೇನೆ.

ಮೊದಲು ದಾರಿ. ಜೇವರ್ಗಿಯಿಂದ ಸಿಂದಗಿ, ವಿಜಯಪುರ. ಅಲ್ಲಿಂದ ಕೊಲ್ಹಾರದ ಹತ್ತಿರ ಕೃಷ್ಣಾ ನದಿ ದಾಟಿ, ನರಗುಂದ, ನವಲಗುಂದದ ಮೇಲೆ ಹುಬ್ಬಳ್ಳಿ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ. ಇಷ್ಟಕ್ಕೆ ಸುಮಾರು 450 ಕಿಲೋಮೀಟರ್. ಆಳಂದದವರಿಗೆ ಇನ್ನೂ 80 ಹೆಚ್ಚು. ಗಂಡಸರು ಏನು ಮಾಡುತ್ತಾರೆಂದರೆ, ರಾತ್ರಿ ಹತ್ತಕ್ಕೆ ಗಾಡಿ ಬಿಟ್ಟು ಬೆಳಗ್ಗೆ ಸಮುದ್ರದ ಮುಂದೆ ನಿಲ್ಲಿಸುತ್ತೇವೆ ಎನ್ನುತ್ತಾರೆ. ಕೂಸು ನಿದ್ದೆಯಲ್ಲೇ ಇರುತ್ತದೆ, ತೊಂದರೆ ಇಲ್ಲ ಎಂದು ಅವರ ಲೆಕ್ಕ. ಕೂಸು ನಿದ್ದೆ ಮಾಡುತ್ತದೆ ನಿಜ, ಆದರೆ ಗಾಡಿ ಓಡಿಸುವವನಿಗೂ ಅದೇ ಹೊತ್ತಿಗೆ ನಿದ್ದೆ ಬರುತ್ತದೆ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ನಿದ್ದೆ ಕೇಳುವ ಹೊತ್ತು. ನಾವು ಬೆಳಗ್ಗೆ ಹೊರಟು ಹುಬ್ಬಳ್ಳಿಯಲ್ಲಿ ರಾತ್ರಿ ತಂಗಿದೆವು. ಖರ್ಚಾಯಿತು ಎಂದು ಅತ್ತೆಯವರು ಗೊಣಗಿದರು. ನಾನು ಸುಮ್ಮನಿದ್ದೆ.

ಎರಡು ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಕೂಸನ್ನು ಕೆಳಗಿಳಿಸಬೇಕು. ನಡೆಯಲಿ, ಓಡಲಿ, ಉಚ್ಚೆ ಹೊಯ್ಯಲಿ. ಹೊತ್ತಿಗೆ ಸರಿಯಾಗಿ ಉಚ್ಚೆ ಹೊಯ್ಯುತ್ತಿದೆಯೋ ಇಲ್ಲವೋ ಎಂಬುದೇ ಪ್ರವಾಸದಲ್ಲಿ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಪರೀಕ್ಷೆ, ಅದಕ್ಕೆ ಲ್ಯಾಬ್ ಬೇಕಿಲ್ಲ. ಆರು ತಾಸಾದರೂ ಉಚ್ಚೆ ಇಲ್ಲವೆಂದರೆ ನೀರು ಸಾಲುತ್ತಿಲ್ಲ ಎಂದರ್ಥ.

ಕೂಸನ್ನು ಎಲ್ಲಿ ಕೂಡಿಸುವುದು? ನಮ್ಮಲ್ಲಿ ಮುಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಕೂಡಿಸುವುದು ರೂಢಿ. ಗಟ್ಟಿಯಾಗಿ ಹಿಡಿದಿರುತ್ತೇನೆ ಎನ್ನುತ್ತೀರಿ. ಗಾಡಿ ಒಮ್ಮೆಲೆ ನಿಂತರೆ ಹತ್ತು ಕಿಲೋ ಕೂಸು ಹತ್ತು ಕಿಲೋ ಆಗಿ ಉಳಿಯುವುದಿಲ್ಲ, ಜೋಳದ ಚೀಲದಷ್ಟು ಭಾರವಾಗಿ ಕೈ ಕಿತ್ತುಕೊಂಡು ಹೋಗುತ್ತದೆ. ಮುಂದೆ ಗಾಳಿಚೀಲ, ಅಂದರೆ ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದು ಬಿಚ್ಚಿಕೊಳ್ಳುವ ಹೊಡೆತವೇ ಕೂಸಿನ ಜೀವ ತೆಗೆಯಬಹುದು. ಆದ್ದರಿಂದ ಹಿಂದಿನ ಸೀಟು, ಮಕ್ಕಳ ಕುರ್ಚಿ, ಪಟ್ಟಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 14 ವರ್ಷದೊಳಗಿನ ಮಗುವಿಗೆ ಪಟ್ಟಿಯಾಗಲಿ ಮಕ್ಕಳ ಕುರ್ಚಿಯಾಗಲಿ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವಿದೆ. ಕುರ್ಚಿ ದುಬಾರಿ ಎಂದು ಗೊತ್ತು. ನಾವೂ ಹೊಸದು ಕೊಳ್ಳಲಿಲ್ಲ, ಕಲಬುರಗಿಯಲ್ಲಿರುವ ಗೆಳತಿಯ ಮನೆಯಿಂದ ಎರವಲು ತಂದೆವು. ಎರಡು ವರ್ಷದೊಳಗಿನ ಕೂಸಿಗೆ ಆ ಕುರ್ಚಿ ಗಾಡಿಯ ಹಿಂಭಾಗಕ್ಕೆ ಮುಖ ಮಾಡಿರಬೇಕು, ಕುತ್ತಿಗೆಗೆ ಪೆಟ್ಟು ಕಡಿಮೆ.

ಇನ್ನು ಬಾಯಿಗೆ ಏನು ಕೊಡುವುದು. ನಮ್ಮ ಕಡೆ ಪ್ರವಾಸವೆಂದರೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹುರಿದ ಶೇಂಗಾ, ಪುಟಾಣಿ. ಕೂಸು ರಚ್ಚೆ ಹಿಡಿಯಿತೆಂದರೆ ಮುಷ್ಟಿ ಶೇಂಗಾ ಕೈಗೆ ಕೊಡುತ್ತೇವೆ. ತಾಯಂದಿರೇ, ಇಡೀ ಶೇಂಗಾ ಕಾಳು ನಾಲ್ಕೈದು ವರ್ಷದೊಳಗಿನ ಕೂಸಿಗೆ ಮನೆಯಲ್ಲೇ ಅಪಾಯ. ಓಡುವ ಗಾಡಿಯಲ್ಲಂತೂ ಬೇಡವೇ ಬೇಡ. ಗಾಡಿ ಹಾರಿದಾಗ, ಕೂಸು ನಕ್ಕಾಗ, ಅತ್ತಾಗ ಕಾಳು ಶ್ವಾಸನಾಳಕ್ಕೆ ಇಳಿಯುತ್ತದೆ. ಶೇಂಗಾ ಕೊಡಲೇಬೇಕೆಂದರೆ ಕುಟ್ಟಿ ಬೆಲ್ಲ ಸೇರಿಸಿ ಉಂಡೆ ಮಾಡಿ, ಗಾಡಿ ನಿಲ್ಲಿಸಿ ಕೊಡಿರಿ. ಕೂಸಿಗೆ ಉಸಿರು ಸಿಕ್ಕಿಕೊಂಡು ಕೆಮ್ಮಲೂ ಆಗದಿದ್ದರೆ ಬಾಯಲ್ಲಿ ಕುರುಡಾಗಿ ಬೆರಳು ಹಾಕಬೇಡಿರಿ, ಇನ್ನೂ ಒಳಗೆ ಹೋಗುತ್ತದೆ. ಬಗ್ಗಿಸಿ ಹಿಡಿದು ಎರಡು ಹೆಗಲ ನಡುವೆ ಅಂಗೈಯ ಬುಡದಿಂದ ಐದು ಸಲ ಗಟ್ಟಿಯಾಗಿ ಹೊಡೆಯಬೇಕು. ಅದಕ್ಕೂ ಬರದಿದ್ದರೆ ಮುಂದೇನು ಎಂಬುದನ್ನು ಗೊಂಬೆಯ ಮೇಲೆ ತೋರಿಸುತ್ತೇನೆ, ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ.

ಎರಡನೆಯ ದಿನ ಅರಬೈಲು ಘಟ್ಟ. ನಮ್ಮ ಬಯಲಿನಲ್ಲಿ ದಾರಿ ನೂಲು ಹಿಡಿದಂತೆ ನೇರವಾಗಿರುತ್ತದೆ, ನಮ್ಮ ಮಕ್ಕಳಿಗೆ ತಿರುವಿನ ಅಭ್ಯಾಸವೇ ಇಲ್ಲ. ನಾಲ್ಕನೆಯ ತಿರುವಿಗೆ ಮಗಳ ಮುಖ ಬೆಳ್ಳಗಾಯಿತು, ಜೊಲ್ಲು ಬಂತು, ಆಮೇಲೆ ವಾಂತಿ. ಅತ್ತೆಯವರಿಗೆ "ಯಾರದೋ ಕಣ್ಣು ತಾಕ್ಯಾದ" ಎಂಬ ಅನುಮಾನ. ವಿಷಯ ಇಷ್ಟೇ: ಕಿವಿಯ ಒಳಗೆ ತೂಕ ಹಿಡಿಯುವ ಅಂಗವೊಂದಿದೆ, ಅದು ದೇಹ ತಿರುಗುತ್ತಿದೆ ಎನ್ನುತ್ತದೆ, ಕಣ್ಣು ಗಾಡಿಯ ಒಳಗಿನ ಸೀಟನ್ನೇ ನೋಡುತ್ತಾ ಏನೂ ತಿರುಗುತ್ತಿಲ್ಲ ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಇದು ಅಪರೂಪ, ಎರಡರಿಂದ ಹನ್ನೆರಡರ ವಯಸ್ಸಿನಲ್ಲಿ ಹೆಚ್ಚು. ಮೊಬೈಲಿನಲ್ಲಿ ಹಾಡು ನೋಡುತ್ತಾ ಕುಳಿತರೆ ಬೇಗ ಬರುತ್ತದೆ, ನಮ್ಮ ಮಗಳು ಅದನ್ನೇ ಮಾಡುತ್ತಿದ್ದಳು. ಮೊಬೈಲ್ ಕಸಿದು, ಕಿಟಕಿ ಇಳಿಸಿ, ದೂರದ ಗುಡ್ಡ ತೋರಿಸಿದೆ. ಅರ್ಧ ತಾಸು ನಿಂತು ಹೊರಟೆವು. ಘಟ್ಟ ಹತ್ತುವ ಇಳಿಯುವ ಮೊದಲು ಹೊಟ್ಟೆ ತುಂಬ ಹಾಲು, ಎಣ್ಣೆ ಪದಾರ್ಥ ಕೊಡಬೇಡಿರಿ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಒಂದು ಇಡ್ಲಿ ಸಾಕು. ವಾಂತಿ ನಿಲ್ಲುವ ಗುಳಿಗೆಯನ್ನು ಅಂಗಡಿಯವನನ್ನು ಕೇಳಿ ಕೊಡಬೇಡಿರಿ. ದೊಡ್ಡವರು ತೆಗೆದುಕೊಳ್ಳುವ ಕೆಲವು ಗುಳಿಗೆ ಎರಡು ವರ್ಷದೊಳಗಿನ ಕೂಸಿನ ಉಸಿರನ್ನೇ ಕುಗ್ಗಿಸುತ್ತವೆ.

ಘಟ್ಟ ಇಳಿದು ಅಂಕೋಲಾ ಮುಟ್ಟಿದರೆ ಕಡಲ ಪಕ್ಕದ 66ನೇ ರಾಷ್ಟ್ರೀಯ ಹೆದ್ದಾರಿ. ಹಳಬರು ಇದನ್ನು 17ನೇ ನಂಬರಿನ ರಸ್ತೆ ಎನ್ನುತ್ತಾರೆ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ ಎಲ್ಲವೂ ಇದರ ಮೇಲೇ ಸಿಗುತ್ತವೆ. ಮಳೆಗಾಲದಲ್ಲಿ ಮಾತ್ರ ಕೂಸನ್ನು ಕಟ್ಟಿಕೊಂಡು ಈ ದಾರಿಗೆ ಹೋಗಬೇಡಿರಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಪಕ್ಕದ ಚಹದಂಗಡಿ, ನಿಂತ ಗಾಡಿ, ಜನ ಎಲ್ಲವೂ ಗಂಗಾವಳಿ ನದಿಗೆ ಹೋದದ್ದು ನಿಮಗೆ ನೆನಪಿರಬೇಕು. ನಾವು ಆ ಜಾಗ ದಾಟುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಕಡಲ ಸೆಕೆಯ ಬಗ್ಗೆ ಒಂದು ಮಾತು. ನಾವು ಬಿಸಿಲಿನ ಜನ, ಮೇ ತಿಂಗಳ ಕಲಬುರಗಿ ನೋಡಿದವರಿಗೆ ಉಡುಪಿಯ ಬಿಸಿಲು ಏನು ಮಹಾ ಎನಿಸುತ್ತದೆ. ನಮ್ಮದು ಒಣ ಬಿಸಿಲು, ಬೆವರು ಬಂದ ಹಾಗೆ ಆರಿ ಮೈ ತಣ್ಣಗಾಗುತ್ತದೆ. ಅಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ. ಸುರಿಯುತ್ತದೆ, ಮೈ ಮಾತ್ರ ಬಿಸಿಯಾಗಿಯೇ ಇರುತ್ತದೆ. ಫ್ರಾಕಿನ ಮೇಲೆ ಸ್ವೆಟರು, ತಲೆಗೆ ಉಣ್ಣೆ ಕುಲಾಯಿ ಹಾಕಿ ಸಮುದ್ರ ದಂಡೆಯಲ್ಲಿ ಎತ್ತಿಕೊಂಡು ತಿರುಗುವ ನಮ್ಮೂರ ಅಜ್ಜಿಯರನ್ನು ನಾನು ಅಲ್ಲಿಯೂ ಕಂಡೆ. ಬಟ್ಟೆ ತೆಳ್ಳಗಿರಲಿ, ಹತ್ತಿಯದಿರಲಿ. ಗಾಡಿ ನಿಲ್ಲಿಸಿ ದರ್ಶನಕ್ಕೆ ಹೋಗುವಾಗ "ಮಲಗ್ಯಾಳ, ಮಲಗಲಿ" ಎಂದು ಕೂಸನ್ನು ಒಳಗೆ ಬಿಟ್ಟು ಗಾಜು ಏರಿಸಿ ಹೋಗಬಾರದು. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಶಾಖ ಏರುತ್ತದೆ. ಕೂಸಿನ ಮೈ ದೊಡ್ಡವರ ಮೈಗಿಂತ ಬಹಳ ಬೇಗ ಕಾಯುತ್ತದೆ.

ಮುರುಡೇಶ್ವರಕ್ಕೆ ಸಂಜೆ ಮುಟ್ಟಿದೆವು. 123 ಅಡಿಯ ಶಿವನ ಮೂರ್ತಿ ಕಂಡು ಮಗಳು ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಲ್ಲಿ ನಾವು ನೀರಿಗೆ ಇಳಿಯಲಿಲ್ಲ. ಹಿಂದಿನ ತಿಂಗಳಷ್ಟೇ, 2024ರ ಡಿಸೆಂಬರ್ 10ರಂದು, ಶಾಲೆಯ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಆ ಸಮುದ್ರದಲ್ಲಿ ತೀರಿಕೊಂಡಿದ್ದರು. ಮನಸ್ಸಾಗಲಿಲ್ಲ. ದೂರದಿಂದ ನೋಡಿ, ಕೈಮುಗಿದು ಬಂದೆವು.

ಅಷ್ಟು ಎಚ್ಚರ ಇದ್ದವರು ಮರುದಿನ ಎಚ್ಚರ ತಪ್ಪಿದೆವು. ಬೈಂದೂರು ದಾಟಿದ ಮೇಲೆ ರಸ್ತೆಯ ಪಕ್ಕದಲ್ಲೇ ಸಣ್ಣ ದಂಡೆ ಒಂದು ಸಿಕ್ಕಿತು. ಜನರಿಲ್ಲ, ಗದ್ದಲವಿಲ್ಲ, ಅಲೆಯೂ ಮೊಣಕಾಲಿಗಿಂತ ಕೆಳಗೆ. ದೊಡ್ಡ ಹೆಸರಿನ ಜಾಗದಲ್ಲಿ ಹೆದರುವ ನಾವು ಹೆಸರಿಲ್ಲದ ಜಾಗದಲ್ಲಿ ಯಾಕೆ ಹೆದರುವುದಿಲ್ಲವೋ ತಿಳಿಯದು. ಮಗಳ ಪಾದ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿದೆ. ನಮ್ಮ ಮನೆಯವರು ಎರಡು ಮಾರು ಹಿಂದೆ. ಫೋಟೋ ತೆಗೆಯೋಣ ಎಂದು ನಾನು ಕೈ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ಮೊಬೈಲ್ ಎತ್ತಿದೆ. ಇದು ನನ್ನ ಮೊದಲ ತಪ್ಪು.

ಬಂದ ಅಲೆ ದೊಡ್ಡದಿರಲಿಲ್ಲ. ಬಂದ ಅಲೆ ಕೆಡವಲೂ ಇಲ್ಲ. ಹಿಂದಕ್ಕೆ ಹೋಗುವ ನೀರು ಅವಳ ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಹನ್ನೊಂದು ಕಿಲೋ ಕೂಸು ಕುಳಿತಂತೆ ಕುಸಿದು, ಮಲಗಿ, ಜಾರಿತು. ಮೊಬೈಲಿನ ಗಾಜಿನಲ್ಲಿ ನೋಡುತ್ತಿದ್ದ ನನಗೆ ಅವಳು ಆಟಕ್ಕೆ ಕುಳಿತಳು ಎನಿಸಿತು. ಬಲೆ ಬಿಡಿಸುತ್ತಾ ಕುಳಿತಿದ್ದ ವಯಸ್ಸಾದವರೊಬ್ಬರು ಕೂಗಿದ್ದು ಕೇಳಿ ನಮ್ಮ ಮನೆಯವರು ಓಡಿ ರೆಟ್ಟೆ ಹಿಡಿದು ಎತ್ತಿದರು. ಅಷ್ಟರಲ್ಲಿ ಮುಂದಿನ ಅಲೆ ಅವಳ ತಲೆಯ ಮೇಲೆ ಬಂದಾಗಿತ್ತು. ಅವಳು ಕೂಗಲಿಲ್ಲ. ಸಿನೆಮಾದಲ್ಲಿ ಮುಳುಗುವವರು ಕೈ ಬೀಸಿ ಕೂಗುತ್ತಾರೆ. ಕೂಸು ಮುಳುಗುವಾಗ ಸದ್ದೇ ಇರುವುದಿಲ್ಲ, ಉಸಿರಿಗೇ ಜಾಗವಿಲ್ಲದಾಗ ಕೂಗು ಎಲ್ಲಿಂದ ಬರಬೇಕು.

ಕೆಮ್ಮಿದಳು, ವಾಂತಿ ಮಾಡಿದಳು, ಆಮೇಲೆ ಅತ್ತಳು. ಅತ್ತದ್ದು ಕೇಳಿ ನನ್ನ ಕಾಲು ನಡುಗಿದವು. ಅತ್ತೆಯವರು ಗಾಬರಿಯಲ್ಲಿ "ತಲಿಕೆಳಗ ಮಾಡ್ರಿ, ಹೊಟ್ಟಿ ಒತ್ತ್ರಿ, ನೀರು ಬರಲಿ" ಎಂದರು. ನಮ್ಮ ಹಳ್ಳಿಗಳಲ್ಲಿ ಬಾವಿಗೆ, ಕೆರೆಗೆ ಬಿದ್ದವರಿಗೆ ಹೀಗೇ ಮಾಡುತ್ತಾರೆ, ತಲೆಕೆಳಗೆ ಹಿಡಿದು ತಿರುಗಿಸುತ್ತಾರೆ. ಮಾಡಬಾರದು. ಹೊಟ್ಟೆ ಒತ್ತಿದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಬೇಕಾದ ಉಸಿರಿನ ಹೊತ್ತೂ ಹಾಳು. ಉಸಿರಾಡುತ್ತಿರುವ ಕೂಸನ್ನು ಪಕ್ಕಕ್ಕೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಬೆಚ್ಚಗೆ ಮಾಡಬೇಕು. ಉಸಿರೇ ಇಲ್ಲದಿದ್ದರೆ ತಲೆ ಸ್ವಲ್ಪ ಹಿಂದಕ್ಕೆ ಮಾಡಿ ಮೊದಲು ಐದು ಸಲ ಬಾಯಿಂದ ಉಸಿರು ಕೊಡಬೇಕು, ಎದೆ ಏಳುವುದು ಕಾಣಬೇಕು; ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಉಸಿರು, ಹೀಗೆ ಆಂಬುಲೆನ್ಸ್ ಬರುವವರೆಗೆ. ಇನ್ನೊಬ್ಬರು 108ಕ್ಕೆ ಫೋನು ಮಾಡಬೇಕು. ಇದನ್ನೂ ಗೊಂಬೆಯ ಮೇಲೆ ಪ್ರತಿಯೊಬ್ಬರೂ ಮಾಡಿ ನೋಡಿಯೇ ಹೋಗಬೇಕು, ಅಪ್ಪಂದಿರು ಮೊದಲು.

ನೀರು ಕುಡಿದ ಕೂಸು ಆಮೇಲೆ ಆಡಿಕೊಂಡಿದ್ದರೂ ಅವತ್ತೇ ವೈದ್ಯರಿಗೆ ತೋರಿಸಬೇಕು. ನಾವು ಹತ್ತಿರದ ಪೇಟೆಯಲ್ಲಿ ಮಕ್ಕಳ ವೈದ್ಯರಲ್ಲಿ ತೋರಿಸಿದೆವು. ಎದೆ ಕೇಳಿ ನೋಡಿ, ಚೆನ್ನಾಗಿದೆ, ಒಂದು ದಿನ ಗಮನವಿಡಿ, ಕೆಮ್ಮು ಹೆಚ್ಚಾದರೆ ಉಸಿರು ಜೋರಾದರೆ ತಕ್ಷಣ ಬನ್ನಿ ಎಂದರು. ಆ ರಾತ್ರಿ ಗಡಿಯಾರ ಹಿಡಿದು ಮಗಳ ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತಾ ಕುಳಿತೆ. ನಿಮಿಷಕ್ಕೆ 28, ಒಮ್ಮೆ 30. ಒಂದರಿಂದ ಐದು ವರ್ಷದ ಕೂಸಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಜೋರು ಉಸಿರು. ನೂರಾರು ವಿದ್ಯಾರ್ಥಿನಿಯರಿಗೆ ಈ ಅಂಕಿ ಬರೆಸಿದ್ದೇನೆ, ಅದರ ಅರ್ಥ ಅವತ್ತು ತಿಳಿಯಿತು.

ಸಮುದ್ರದ ಬಗ್ಗೆ ನಮ್ಮವರಿಗೆ ಇನ್ನೊಂದು ತಿಳಿವಳಿಕೆ ಬೇಕು. ನಾವು ಭೀಮಾ ನದಿಯ ಜನ. ಗಾಣಗಾಪುರದ ಸಂಗಮದಲ್ಲಿ ಮೆಟ್ಟಿಲು ಹಿಡಿದು ಮುಳುಗಿ ಏಳುತ್ತೇವೆ, ನದಿ ಒಂದೇ ದಿಕ್ಕಿಗೆ ಹರಿಯುತ್ತದೆ ಎಂದು ಗೊತ್ತು. ಸಮುದ್ರ ಒಳಗೂ ಎಳೆಯುತ್ತದೆ, ಪಕ್ಕಕ್ಕೂ ಎಳೆಯುತ್ತದೆ. ಎರಡು ಕಡೆ ಅಲೆ ಒಡೆದು ನಡುವೆ ಒಂದು ಪಟ್ಟಿ ಶಾಂತವಾಗಿ, ಸ್ವಲ್ಪ ರಾಡಿಯಾಗಿ ಕಂಡರೆ ಅಲ್ಲೇ ಇಳಿಯೋಣ ಎನಿಸುತ್ತದೆ. ನೀರು ಒಳಗೆ ಎಳೆಯುವ ಜಾಗ ಅದೇ. ಅದರಲ್ಲಿ ಸಿಕ್ಕ ದೊಡ್ಡವರು ದಡದ ಕಡೆ ನೇರ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ, ಪಕ್ಕಕ್ಕೆ, ದಡದ ಉದ್ದಕ್ಕೆ ಸರಿಯಬೇಕು. ಜೀವರಕ್ಷಕರು ಇರುವಲ್ಲಿ ಮಾತ್ರ ನೀರಿಗೆ ಹೋಗಿರಿ, ಕೆಂಪು ಬಾವುಟ ಇದ್ದರೆ ಹೋಗಬೇಡಿರಿ. ಹೊನ್ನಾವರದ ಹತ್ತಿರದ ಕಾಸರಕೋಡು, ಉಡುಪಿಯ ಕೆಳಗಿನ ಪಡುಬಿದ್ರಿ ದಂಡೆಗಳು 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದವು. ನೀರಿನ ಶುದ್ಧಿ, ಜೀವರಕ್ಷಕರು, ಶೌಚಾಲಯ ಇವೆಲ್ಲ ನೋಡಿ ಕೊಡುವ ಮಾನ್ಯತೆ ಅದು. ಕೂಸು ನೀರಿನಲ್ಲಿದ್ದಾಗ ಒಬ್ಬ ದೊಡ್ಡವರು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಇರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು. ಯಾರು ಎಂಬುದನ್ನು ಹೆಸರು ಹಿಡಿದು ಹೇಳಿರಿ. ಎಲ್ಲರೂ ನೋಡುತ್ತಾರೆ ಎಂದರೆ ಯಾರೂ ನೋಡುವುದಿಲ್ಲ.

ಎರಡನೆಯ ತಪ್ಪು ಉಡುಪಿಯಲ್ಲಿ. ಸಮುದ್ರದ ಗಾಬರಿಯಲ್ಲಿ ಎರಡು ದಿನ ಊಟ ನೀರಿನ ಕಡೆ ಲಕ್ಷ್ಯ ತಪ್ಪಿತ್ತು, ದಾರಿಯಲ್ಲಿ ಐಸ್ ಹಾಕಿದ ಕಬ್ಬಿನ ಹಾಲು ಕೊಡಿಸಿದ್ದೆವು. ರಾತ್ರಿ ಭೇದಿ ಶುರುವಾಯಿತು. ಬೆಳಗಾಗುವುದರೊಳಗೆ ಆರು ಸಲ. ಚೀಲದಲ್ಲಿ ಓಆರ್‌ಎಸ್ ಚೀಟಿ ಇತ್ತು. ನಿದ್ದೆಗಣ್ಣಿನಲ್ಲಿ ಕೈಗೆ ಸಿಕ್ಕ ಬಾಟಲಿಗೆ ಇಡೀ ಚೀಟಿ ಸುರಿದು ಕಲಿಸಿದೆ. ನಾಲ್ಕು ಚಮಚ ಕುಡಿಸಿದ ಮೇಲೆ ಅವಳು ಮುಖ ಹಿಂಡಿದಳು. ರುಚಿ ನೋಡಿದರೆ ಉಪ್ಪು. ದೀಪ ಹಾಕಿ ನೋಡಿದೆ, ಅದು ಅರ್ಧ ಲೀಟರಿನ ಬಾಟಲಿ, ಚೀಟಿ ಒಂದು ಲೀಟರಿನದು. ಎರಡು ಪಟ್ಟು ಗಟ್ಟಿ. ಹಾಗೆ ಕುಡಿಸುತ್ತಾ ಹೋದರೆ ರಕ್ತದಲ್ಲಿ ಉಪ್ಪು ಏರಿ ಕೂಸಿಗೆ ಫಿಟ್ಸ್ ಬರಬಹುದು, ಭೇದಿಯೂ ಹೆಚ್ಚುತ್ತದೆ. ಚೆಲ್ಲಿ ಬೇರೆ ಕಲಿಸಿದೆ. ದೊಡ್ಡ ಚೀಟಿ ಒಂದು ಲೀಟರಿಗೆ, ಸಣ್ಣ ಚೀಟಿ 200 ಮಿಲಿಗೆ. ಚೀಟಿಯ ಮೇಲೆ ಬರೆದಿರುತ್ತದೆ, ಓದದೆ ಬಾಟಲಿ ತೆರೆಯಬೇಡಿರಿ. ಕಲಿಸಿದ್ದು 24 ತಾಸು ಮಾತ್ರ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಕೂಸಿಗೆ ಕಾಲರಿಂದ ಅರ್ಧ ಲೋಟ, ಮೇಲ್ಪಟ್ಟವರಿಗೆ ಅರ್ಧದಿಂದ ಒಂದು ಲೋಟ. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚ ಚಮಚವಾಗಿ ಮತ್ತೆ ಕೊಡಬೇಕು. ಎದೆಹಾಲು ನಿಲ್ಲಿಸಬಾರದು, ಊಟವನ್ನೂ ನಿಲ್ಲಿಸಬಾರದು. ಆರು ತಿಂಗಳ ಮೇಲಿನ ಕೂಸಿಗೆ ಸತುವಿನ ಗುಳಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ, ಭೇದಿ ನಿಂತ ಮೇಲೂ.

ಅಂಗಡಿಯಲ್ಲಿ ಹಣ್ಣಿನ ಚಿತ್ರವಿರುವ ಡಬ್ಬಿಗಳನ್ನು ಓಆರ್‌ಎಸ್ ಎಂದು ಮಾರುತ್ತಿದ್ದರು. ಅವು ಸಕ್ಕರೆ ಪಾನಕ, ಭೇದಿ ಹೆಚ್ಚಿಸುತ್ತವೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂತಹ ಪಾನೀಯಗಳ ಮೇಲೆ ಆ ಹೆಸರು ಹಾಕಕೂಡದೆಂದು ಆದೇಶ ಮಾಡಿತು. ಚೀಟಿಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇರುವುದನ್ನು ನೋಡಿ ತೆಗೆದುಕೊಳ್ಳಿರಿ. ಎಳನೀರು ಒಳ್ಳೆಯದು, ಕೊಡಿರಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಚೀಟಿಗೆ ಬದಲಾಗಿ ಅಲ್ಲ. ರಕ್ತಭೇದಿ, ಕುಡಿದದ್ದೆಲ್ಲ ವಾಂತಿ, ಕೂಸು ಮಂಕಾಗಿ ಏಳದಿರುವುದು, ಉಚ್ಚೆ ನಿಲ್ಲುವುದು, ಫಿಟ್ಸ್ ಇವುಗಳಲ್ಲಿ ಯಾವುದೊಂದು ಕಂಡರೂ ಊರಿಗೆ ಹೋಗಿ ತೋರಿಸೋಣ ಎನ್ನಬೇಡಿರಿ. ಉಡುಪಿಯಿಂದ ಜೇವರ್ಗಿಗೆ ಒಂದು ಹಗಲು ಒಂದು ರಾತ್ರಿಯ ದಾರಿ. ಅಲ್ಲೂ ಆಸ್ಪತ್ರೆಗಳಿವೆ.

ಉಳಿದದ್ದು ಬೇಗ ಹೇಳುತ್ತೇನೆ, ಬಸ್ಸಿನ ಹೊತ್ತಾಯಿತು. ಜ್ವರದ ಔಷಧಿ ಮನೆಯಿಂದಲೇ, ನಿಮ್ಮ ವೈದ್ಯರು ಕೂಸಿನ ತೂಕ ನೋಡಿ ಬರೆದದ್ದನ್ನು ಒಯ್ಯಿರಿ. ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ 5 ಮಿಲಿಗೆ 125 ಇರುವುದೂ ಉಂಟು, 250 ಇರುವುದೂ ಉಂಟು, ಹನಿ ಔಷಧಿ ಇನ್ನೂ ಗಟ್ಟಿ, ಚಮಚ ಒಂದೇ ಎಂದು ಕೊಟ್ಟರೆ ಎರಡು ಪಟ್ಟಾದೀತು. ತಾಯಿ ಕಾರ್ಡ್ ಜೊತೆಗಿರಲಿ. ಸೊಳ್ಳೆ ಪರದೆ ಒಂದು ಒಯ್ದರೆ ಭಾರವೇನಿಲ್ಲ. ಸಮುದ್ರದ ಅಂಬಲಿ ಮೀನು ಮೈಗೆ ತಾಗಿ ಉರಿಯಾದರೆ ಉಜ್ಜಬೇಡಿರಿ, ಮರಳು ಹಚ್ಚಬೇಡಿರಿ, ಸಿಹಿನೀರು ಹಾಕಬೇಡಿರಿ. ಸಮುದ್ರದ ನೀರಿನಿಂದಲೇ ತೊಳೆದು ವೈದ್ಯರಿಗೆ ತೋರಿಸಿರಿ. ಡಿಸೆಂಬರಿನಿಂದ ಮೇ ವರೆಗೆ ಉತ್ತರ ಕನ್ನಡ, ಶಿವಮೊಗ್ಗದ ಕಾಡುಗಳಲ್ಲಿ ಉಣ್ಣೆಹುಳದಿಂದ ಮಂಗನ ಕಾಯಿಲೆ ಬರುವ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ದಾರಿಯಲ್ಲಿ ನೆರಳು ಕಂಡಿತೆಂದು ಕಾಡಿನ ಒಳಗೆ ಚಾದರ ಹಾಸಿ ಕೂಸನ್ನು ಮಲಗಿಸಬೇಡಿರಿ.

ಹಾಗಾದರೆ ಹೋಗಲೇಬಾರದೇನ್ರಿ ಎಂದು ಆಳಂದದ ತಾಯಿಯೊಬ್ಬರು ಈಗ ಕೇಳುತ್ತಿದ್ದಾರೆ. ಯಾಕೆ ಹೋಗಬಾರದು? ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಅಲ್ಲಿ ಗಾಡಿ ನಿಲ್ಲಿಸಿದಾಗ, ಹಿಂದಿನ ದಿನ ಮುಳುಗಿ ಎದ್ದ ಅದೇ ಕೂಸು ಅಪ್ಪನ ಹೆಗಲ ಮೇಲಿಂದ ಎರಡೂ ಕಡೆ ತಿರುಗಿ ನೋಡಿ, "ಇದು ದೊಡ್ಡ ಭೀಮಾ, ಇದು ಸಣ್ಣ ಭೀಮಾ" ಎಂದಳು. ಭೀಮಾ ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಅತ್ತೆಯವರು ಆ ಮಾತನ್ನು ಇವತ್ತಿಗೂ ಓಣಿಯವರಿಗೆಲ್ಲ ಹೇಳುತ್ತಾರೆ. ಮರುವರ್ಷ ಮತ್ತೆ ಹೋಗೋಣ ಎಂದು ಮೊದಲು ಅಂದದ್ದೂ ಅವರೇ.

ಈಗ ಗೊಂಬೆ ತರುತ್ತಾರೆ. ಅದಕ್ಕಿಂತ ಮೊದಲು ಓಆರ್‌ಎಸ್ ಕಲಿಸುವುದನ್ನು ತೋರಿಸುತ್ತೇನೆ. ಚೀಟಿ ನನ್ನ ಹತ್ತಿರ ಇದೆ. ಒಂದು ಲೀಟರಿನ ಬಾಟಲಿ ಯಾರ ಹತ್ತಿರ ಇದೆ? ಕೊಡಿರಿ. ಮೊದಲು ಅದರ ಮೇಲೆ ಬರೆದದ್ದನ್ನು ಜೋರಾಗಿ ಓದಿರಿ.